ಲೋಪವಿಲ್ಲದ ವರ

ದೀಪ ಹಚ್ಚುವ ಹೊತ್ತಿಗೆ ದೇವರು ಬಂದು ಜಗಲಿಯ ಮೇಲೆ ಕೂತ. ಶಂಖ, ಚಕ್ರ ನೋಡಿ ಯಜಮಾನರಿಗೆ ಗುರುತು ಸಿಕ್ಕಿತು.

“ಏನೇ, ಎರಡು ಕಾಫಿ ತಾ. ದೇವರು ಬಂದಿದಾನೆ,” ಎಂದು ಒಳಗಿದ್ದ ಹೆಂಡತಿಯನ್ನು ಕೂಗಿದರು.

“ಅವರನ್ನ ಎಬ್ಬಿಸಬೇಡಿ. ನೀವು ಹೇಳಿ, ನಾನು ಕೇಳ್ತೀನಿ,” ಎಂದ ದೇವರು.

ಯಜಮಾನರು ಕಾಲು ಮಡಚಿ ಕೂತರು. “ನೋಡು ಸ್ವಾಮಿ, ನಾನು ಚಿಕ್ಕಂದಿನಿಂದ ಪುರಾಣ ಕೇಳಿ ಬೆಳೆದವನು. ಹಗಲೂ ಸಾಯಬಾರದು, ರಾತ್ರಿಯೂ ಸಾಯಬಾರದು ಅಂದವನಿಗೆ ನೀನು ಮುಸ್ಸಂಜೆ ತೋರಿಸಿದೆ. ನನ್ನ ಹತ್ರ ಆ ಆಟ ನಡೆಯೋದಿಲ್ಲ.”

“ಸರಿ.”

“ಹಾರೋ ಶಕ್ತಿ ಕೇಳೋಣ ಅಂದರೆ ಮೇಲಿನ ಗಾಳಿಗೆ ಶೀತ ಆಗುತ್ತೆ. ಅದೃಶ್ಯನಾದರೆ ನನಗೆ ಎಲೆ ಹಾಕೋರು ಯಾರು? ಯೌವನ ಕೇಳಿದರೆ ಪೆನ್ಶನ್ ನಿಲ್ಲಿಸ್ತಾರೆ.”

“ನಿಜ.”

“ಅದಕ್ಕೇ ಸಾವೇ ಬೇಡ ಅಂತ ಕೇಳ್ತೀನಿ. ಆದರೆ ಮುಪ್ಪು, ಮಂಡಿನೋವು, ಮರೆವು, ಎಲ್ಲಾ ಮೊದಲೇ ಇತ್ಯರ್ಥ ಆಗಬೇಕು. ಇರು, ಒಂದೊಂದಾಗಿ ಹೇಳ್ತೀನಿ.”

ಒಂದೊಂದಾಗಿಯೇ ಹೇಳಿದರು. ಬೀದಿ ದೀಪ ಹತ್ತಿತು, ಪಕ್ಕದ ಮನೆಯವರ ಊಟ ಮುಗಿದು ಬಾಗಿಲು ಹಾಕಿದ್ದೂ ಆಯಿತು. ದೇವರು ಕದಲಲಿಲ್ಲ. ಒಳಗಿನಿಂದ ಸಣ್ಣ ಗೊರಕೆ ಕೇಳಿಸುತ್ತಿತ್ತು.

“ಇಷ್ಟೇ. ಇನ್ನು ನೀನು ತಥಾಸ್ತು ಅನ್ನಬಹುದು,” ಎಂದರು ಯಜಮಾನರು.

“ಅದನ್ನ ಬೆಳಿಗ್ಗೆನೇ ಅಂದಾಯ್ತು,” ಎಂದ ದೇವರು. “ಏನು ಬೇಕಾದರೂ ಕೇಳಮ್ಮ ಅಂದೆ. ‘ಒಂದು ಸಂಜೆ ಇವರ ಮಾತನ್ನ ಬೇರೆ ಯಾರಾದರೂ ಕೇಳಲಿ, ನಾನು ಮಲಗಬೇಕು’ ಅಂದ್ರು ನಿಮ್ಮ ಮನೆಯವರು.”