ಜಿನೋವಾದಲ್ಲಿ ಮಧ್ಯಾಹ್ನದ ಊಟ

ಇಟಲಿಯ ಹಳೆಯ ಬಂದರು ಜಿನೋವಾದಲ್ಲಿ ಮನಃಶಾಸ್ತ್ರದ ಬೇಸಿಗೆ ವಿಚಾರಸಂಕಿರಣ. ಧಾರವಾಡದ ಪ್ರೊಫೆಸರ್ ವಾದಿರಾಜಾಚಾರ್ಯರು ಬೆಳಿಗ್ಗೆ ಮಂಡಿಸಿದ ಪ್ರಬಂಧಕ್ಕೆ ಇಡೀ ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತ್ತು. ಇಪ್ಪತ್ತು ವರ್ಷದ ಸಂಶೋಧನೆಯ ಸಾರ ಇಷ್ಟೇ: ಸುಳ್ಳು ಹೇಳುವವನು ಕೇಳದಿದ್ದರೂ ವಿವರ ಕೊಡುತ್ತಾನೆ.

ಮಧ್ಯಾಹ್ನ ಸಮುದ್ರದಂಡೆಯ ಹೋಟೆಲಿನಲ್ಲಿ, ಹುಟ್ಟಿ ಐವತ್ತು ವರ್ಷಕ್ಕೆ ಮೊದಲ ಸಲ, ಆಚಾರ್ಯರು ಹುರಿದ ಮೀನೊಂದನ್ನು ಅರ್ಧ ಮುಗಿಸಿದ್ದರು. ಆಗ ತಾಯಿಯ ಫೋನು ಬಂತು.

“ಊಟಾ ಆತೇನೋ? ಸಮುದ್ರದ ದಂಡಿ ಊರು, ನಿನಗೇನ್ ಸಿಗತದ ಅಲ್ಲೆ?”

“ಆತವ್ವಾ. ಅನ್ನ, ತವ್ವಿ, ಬದನಿಕಾಯಿ ಪಲ್ಯಾ.”

“ಹೌದಾ.”

“ಇಲ್ಲೆ ನಮ್ಮ ಮಂದೀದ ಒಂದು ಖಾನಾವಳಿ ಅದ. ಅಡಗಿಯಾಕಿ ಮಡಿ ಉಟಗೊಂಡೇ ಒಲಿ ಹಚ್ಚತಾಳ. ಉಳ್ಳಾಗಡ್ಡಿ ಸುದ್ದಾ ಒಳಗ ತರಂಗಿಲ್ಲ. ಬಾಳಿ ಎಲಿ ಅಂತೂ ದಿನಾ ವಿಮಾನದಾಗ ಬರತಾವ.”



“ಆತಪಾ,” ಎಂದರು ನಾಲ್ಕನೆಯ ಇಯತ್ತೆಯವರೆಗೆ ಓದಿದ ತಾಯಿ. “ಮುಳ್ಳು ತಗದು ಸಾವಕಾಶ ತಿನ್ನು.”