ಬೆನ್ನು ಬಿಡದ ಬಿಳಿ ಕಾರು

ಹಿಂದೆ ಬಂದು ನಿಂತ ಬಿಳಿ ಕಾರಿನ ಕಿಟಕಿಯನ್ನು ಅವಳು ಪಟಪಟನೆ ಬಡಿದಳು. ಬೆಳಗ್ಗೆ ಬಾಡಿಗೆ ಕಾರು ತೆಗೆದುಕೊಂಡು ಒಬ್ಬಳೇ ಪ್ರವಾಸ ಹೊರಟಾಗಿನಿಂದ ಅದು ಬೆನ್ನು ಬಿಟ್ಟಿರಲಿಲ್ಲ. ಗಾಜು ಇಳಿಯಿತು. ನೋಡಿದರೆ, ಕಪ್ಪು ಕನ್ನಡಕ, ಕಣ್ಣಿನವರೆಗೆ ಎಳೆದುಕೊಂಡ ಟೋಪಿ, ಒಳಗೆ ಅವಳ ಸ್ವಂತ ಅಣ್ಣ!

"ಯಾರೋ ಕಳ್ಳ ಅಂದ್ಕೊಂಡು ಜೀವ ಬಾಯಿಗೆ ಬಂದಿತ್ತು. ಇಲ್ಲೇನು ಕೆಲಸ ನಿನಗೆ?"

"ಏನಿಲ್ಲ ಕಣೇ. ನೀನು ಆರಾಮಾಗಿ ಓಡಿಸು, ನಾನು ಹಿಂದೆ ಇರ್ತೀನಿ. ಹೆಂಗಸು ಒಬ್ಬಳೇ, ಗುರುತಿಲ್ಲದ ದಾರಿ..."

ಹಿಂದಿನ ಸೀಟಿನಲ್ಲಿ ದಿಂಬು, ಹೊದಿಕೆ, ನೀರಿನ ಕ್ಯಾನು. ಪ್ರವಾಸ ಮುಗಿಯುವವರೆಗೂ ಕಾವಲಿರಲು ತಯಾರಾಗಿಯೇ ಬಂದಿದ್ದ ಪುಣ್ಯಾತ್ಮ. ಅವಳಿಗೆ ಮೈಯೆಲ್ಲ ಉರಿದುಹೋಯಿತು.

"ಇಪ್ಪತ್ತು ವರ್ಷ ಆಂಬುಲೆನ್ಸ್ ಓಡಿಸಿದೀನಿ. ಆಗ ನನ್ನ ಹಿಂದೆ ಯಾರು ಬರ್ತಿದ್ರು? ನಿನಗೆ ಎದೆನೋವು ಬಂದಾಗ ಆಸ್ಪತ್ರೆ ಮುಟ್ಟಿಸಿದ್ದು ಯಾರು?"

"ಅವತ್ತು ಕಣ್ಣು ಮುಚ್ಚಿ ಮಲಗಿದ್ದೆ. ಭಯ ಆಗ್ಲಿಲ್ಲ."

ಇನ್ನು ಜಗಳ ಆಡಿ ಉಪಯೋಗವಿರಲಿಲ್ಲ. ಬೇಡ ಅಂದಷ್ಟೂ ಬಿಗಿಯಾಗಿ ಅಂಟಿಕೊಳ್ಳುವ ಸ್ವಭಾವ ಅವನದು. ಅವಳು ಉಸಿರೆಳೆದುಕೊಂಡು ಹೇಳಿದಳು: "ಕಳ್ಳನ ಹಾಗೆ ಹಿಂದೆ ಯಾಕೆ ಬರ್ತೀಯ? ಅಣ್ಣನ ಹಾಗೆ ಮುಂದೆ ಹೋಗಿ ದಾರಿ ತೋರಿಸು."

ಅವನ ಮುಖ ಅರಳಿತು. ಎದೆಯುಬ್ಬಿಸಿಕೊಂಡು ಮುಂದೆ ಹೊರಟ. ರಸ್ತೆ ಎರಡಾಗಿ ಒಡೆಯುವಲ್ಲಿ ಎಡಗಡೆಯ ದೀಪ ಮಿನುಗಿಸಿದ. ಸಾಲದೆಂದು ಕಿಟಕಿಯಿಂದ ಕೈಯನ್ನೂ ಬೀಸಿ, ಎಡಕ್ಕೆ ತಿರುಗಿ ಹೋದ. ಅವಳು ಬಲಕ್ಕೆ ತಿರುಗಿಸಿದಳು. ಆ ದಾರಿ ಎಲ್ಲಿಗೆ ಹೋಗುತ್ತದೆಂದು ಅವಳಿಗೂ ಗೊತ್ತಿರಲಿಲ್ಲ.