ದಿನಕ್ಕೆ ಏಳು ತಾಸು

ಸ್ಟೇರಿಂಗ್ ಹಿಡಿದಲ್ಲೇ ತೂಕಡಿಸಿದ ಡ್ರೈವರನಿಗೆ ತಿಂಗಳಿಂದ ಡ್ಯೂಟಿಯಿಲ್ಲ. ಮಲಗಿದರೆ ಉಸಿರು ಕಟ್ಟಿ ನಿದ್ದೆ ಕೆಡುವ ಕಾಯಿಲೆ. ಮೂಗಿಗೆ ಮಾಸ್ಕ್ ಕಟ್ಟಿ ಗಾಳಿ ಒತ್ತುವ ಮಷೀನನ್ನು ಡಾಕ್ಟರು ಕೊಟ್ಟಿದ್ದರು. ಮಾಸ್ಕ್ ಹಾಕಿ ಮಲಗಿದ ತಾಸನ್ನು ಅದು ಬರೆದಿಡುತ್ತಿತ್ತು; ಆ ಲೆಕ್ಕ ನೋಡಿಯೇ ಬಸ್ಸು ಕೊಡುವುದೆಂದು ಡಿಪೋ ಮ್ಯಾನೇಜರನ ಹಟ.

"ದಿನಾ ಏಳು ತಾಸು! ನಮ್ಮ ಮನಿ ಅಳಿಯನೂ ಇಷ್ಟು ಮಲಗೂದಿಲ್ಲಲೇ!" ಮಷೀನಿನ ಲೆಕ್ಕ ನೋಡಿ ಮ್ಯಾನೇಜರ ನಕ್ಕ.

"ಹೂಂರೀ ಸಾಹೇಬ್ರ."

"ಮತ್ತ ಕಣ್ಣು ಯಾಕ ಕೆಂಪು?"

"ಬಿಸಲ್ರೀ."

"ನಾಳೆಯಿಂದ ಬಾ. ಐವತ್ತು ಮಂದಿ ಜೀವ ನಿನ್ನ ಕೈಯಾಗ ಐತಿ, ನೆನಪಿರಲಿ."

ಡ್ಯೂಟಿಯ ಕಾಗದ ಹಿಡಿದು, ಕಾಲೆಳೆದುಕೊಂಡು ಮನೆಗೆ ಬಂದವನನ್ನು ಅವ್ವ ಬಾಗಿಲಲ್ಲೇ ತಡೆದಳು. ಡ್ಯೂಟಿ ಸಿಕ್ಕಿತೆಂದು ಕೇಳಿ ಅವಳ ಮುಖ ಬಾಡಿತು.

"ಇವತ್ತಾದ್ರೂ ಆ ಮಾಸ್ಕ್ ನೀ ಹಾಕ್ಕೋ ಯಪ್ಪಾ. ತಿಂಗಳಾತು, ಅದನ್ನ ಕಟ್ಟಿಕೊಂಡು ನಾ ಒಬ್ಬಾಕೇ ಉಸಿರಾಡೇನಿ."